ಪಲೋಮಾಳ ಕಾಲಿನ ನೊಣಗಳು

ಎರ್ಮಿಂದಾ ಹಿಂದಿನ ದಿನವೇ ಬೆಂಕಿಪೊಟ್ಟಣವನ್ನು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡಿದ್ದಳು. ಅತ್ತೆಯ ಕೈಗೆ ಅದು ಸಿಗಬಾರದಿತ್ತು. ಎಂಬತ್ತೊಂದರ ಎಲೋದಿಯಾ ಬೆಳಗಾಗುತ್ತಲೇ ದೊಡ್ಡಿಯ ಬಾಗಿಲಲ್ಲಿ ತಗಡಿನ ಮೇಲೆ ಮರಗೆದ್ದಲಿನ ಕಪ್ಪು ಗೂಡಿನ ತುಂಡಿಟ್ಟು ಹೊಗೆ ಹಾಕುತ್ತಿದ್ದಳು. ಯೋಚನೆ ಮಾಡಿ ಮಾಡುವ ಕೆಲಸವಲ್ಲ ಅದು, ಒಲೆ ಹಚ್ಚಿದ ಹಾಗೆ. ಗೂಡು ಉರಿಯುವುದಿಲ್ಲ, ಇಡೀ ದಿನ ಹೊಗೆಯಾಡುತ್ತದೆ. ಆ ಹೊಗೆ ಇರುವಷ್ಟು ಹೊತ್ತು ಕಚ್ಚುನೊಣ ಹಸುಗಳ ಹತ್ತಿರ ಕಡಿಮೆ ಬರುತ್ತದೆ.

ಇವತ್ತು ಮಾತ್ರ ನೊಣ ಬರಬೇಕಿತ್ತು. ಎಣಿಸುವವರು ಬರುವವರಿದ್ದರು.

ನಿಯಮ ಸರಳವಾಗಿತ್ತು. ಮೂರು ಹಸು, ಹತ್ತು ನಿಮಿಷಕ್ಕೊಮ್ಮೆಯಂತೆ ಮೂರು ಸುತ್ತು. ಮೊಣಕಾಲಿನಿಂದ ಗೊರಸಿನವರೆಗೆ ನಾಲ್ಕೂ ಕಾಲುಗಳ ಮೇಲೆ ಕೂತ ನೊಣಗಳನ್ನು ಎಣಿಸುವುದು. ಒಂಬತ್ತು ಎಣಿಕೆಗಳ ಮೊತ್ತ ಇನ್ನೂರ ಇಪ್ಪತ್ತೈದು ಮುಟ್ಟಿದರೆ, ಹೊಳೆಯಾಚೆ ಅನಾನಸ್ ತೋಟದವರು ಕೊಯ್ಲು ಮುಗಿಸಿ ಕೊಚ್ಚಿ ಬಿಟ್ಟ ಗಿಡಗಳ ರಾಶಿಯನ್ನು ವಾರದೊಳಗೆ ಮಣ್ಣಲ್ಲಿ ಹೂಳಬೇಕು. ಇಪ್ಪತ್ತೆರಡು ಹೆಕ್ಟೇರಿನ ಆ ಕೊಳೆಯಲ್ಲೇ ನೊಣ ಮೊಟ್ಟೆಯಿಡುವುದು. ಎಣಿಕೆಗೆ ಮೊದಲಿನ ಇಪ್ಪತ್ತನಾಲ್ಕು ಗಂಟೆ ಹೊಗೆ ಹಾಕಬಾರದು, ಔಷಧ ಬಳಿಯಬಾರದು. ಹಸುವನ್ನು ಕಟ್ಟಬಾರದು, ಮುಟ್ಟಬಾರದು.

ಹಿಂದಿನ ಸಲ ಎಣಿಸಲು ಬಂದವರು ಬೆಳಗಿನ ಹನ್ನೊಂದೂವರೆಗೆ ಬಂದಿದ್ದರು. ಆ ಹೊತ್ತಿಗೆ ನೊಣ ಹೊಟ್ಟೆ ತುಂಬಿಸಿಕೊಂಡು ಬೇಲಿಯ ನೆರಳಿನಲ್ಲಿ ಕೂತಿರುತ್ತದೆ. ಮೊತ್ತ ತೊಂಬತ್ತಾರು ಬಂದಿತ್ತು. ಅದಾದ ಎಂಟನೆಯ ದಿನ ಕನೇಲಾ ಎಂಬ ಹಸುವಿನ ಹೋರಿಗರು ಸತ್ತಿತು. ಎರ್ಮಿಂದಾಳ ಬಳಿ ಏಳು ಹಸುಗಳಿದ್ದವು. ಹಾಲು ಅರ್ಧಕ್ಕಿಳಿದಿತ್ತು. ಇನ್ನೊಂದು ತಲೆಮಾರಿನ ನೊಣ ಎದ್ದರೆ ಹಸುಗಳನ್ನು ಮಾರುವುದೇ ಸರಿ ಎಂದು ಅವಳು ನಿರ್ಧರಿಸಿದ್ದಳು. ಈ ಸಲ ಅರ್ಜಿಯಲ್ಲಿ ಬೆಳಿಗ್ಗೆ ಏಳು ಗಂಟೆ ಎಂದು ಅಂಕೆಯಲ್ಲೂ ಅಕ್ಷರದಲ್ಲೂ ಬರೆದಿದ್ದಳು.

ಒಂದು ವಿಷಯ ಮಾತ್ರ ಅವಳ ಲೆಕ್ಕದಲ್ಲಿರಲಿಲ್ಲ. ಪಲೋಮಾ ಎಂಬ ಹಸು ದಿನ ತುಂಬಲು ಇನ್ನೂ ಹತ್ತು ದಿನವಿರುವಾಗಲೇ, ಇವತ್ತು ಬೆಳಗಿನ ಐದಕ್ಕೆ, ಈದುಬಿಟ್ಟಿತು.

ಹೊಗೆಯಿಲ್ಲದೆ ನಾಲ್ಕು ಹಸುಗಳು ಹೊಳೆಗಿಳಿದು ಹೊಟ್ಟೆಯವರೆಗೆ ನೀರಲ್ಲಿ ನಿಂತಿದ್ದವು. ಎಷ್ಟು ಕರೆದರೂ, ಉಪ್ಪು ತೋರಿಸಿದರೂ ಮೇಲೆ ಬರಲಿಲ್ಲ. ದೊಡ್ಡಿಯಲ್ಲಿ ಉಳಿದವು ನೇಗ್ರಾ, ಕನೇಲಾ ಮತ್ತು ಪಲೋಮಾ. ಎಣಿಕೆಗೆ ಮೂರು ಬೇಕು. ಕರುವನ್ನು ಅಡುಗೆಮನೆಗೆ ಒಯ್ಯಲು ನೋಡಿದರೆ ಪಲೋಮಾ ದೊಡ್ಡಿಯ ಬೇಲಿಗೆ ಕಟ್ಟಿದ ಮರದ ಅಡ್ಡಗಳಗಳಿಗೆ ಹಣೆಯಿಂದ ಗುದ್ದಿ ಒಂದನ್ನು ಮುರಿಯಿತು. ಕರುವನ್ನು ವಾಪಸ್ ತಂದು ಬಿಡಬೇಕಾಯಿತು.

ಏಳು ಗಂಟೆ ಐದು ನಿಮಿಷಕ್ಕೆ ಜೀಪು ಬಂತು. ಕೃಷಿ ಇಲಾಖೆಯ ಮಾರಿಸೆಲ್ ಕಿರೋಸ್ ಮೊದಲು ಇಳಿದಳು. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಹಿಂದೆಯೇ ತೋಟದ ಮೇಸ್ತ್ರಿ ಓಲ್ಮಾನ್ ಬೈಕಿನಲ್ಲಿ ಬಂದ. ಎಣಿಕೆಗೆ ತೋಟದ ಕಡೆಯ ಸಾಕ್ಷಿ ಅವನು. ಅದೇ ಊರಿನವನು, ಅವನ ತಾಯಿಗೂ ಎರಡು ಹಸುಗಳಿದ್ದವು.

"ಬೆಲ್ಲದ ನೀರು ಕುಡೀತೀರಾ?" ಎರ್ಮಿಂದಾ ಕೇಳಿದಳು.

"ಆಮೇಲೆ," ಅಂದಳು ಮಾರಿಸೆಲ್. "ಹೊಗೆ ಆರಿಸಿ ಎಷ್ಟು ಹೊತ್ತಾಯ್ತು?"

"ನಿನ್ನೆ ಬೆಳಿಗ್ಗೆ ಏಳಕ್ಕೆ."

ಓಲ್ಮಾನ್ ಬಗ್ಗಿ ತಗಡಿನ ಮೇಲಿನ ಬೂದಿಯಲ್ಲಿ ಬೆರಳು ಆಡಿಸಿದ. "ತಣ್ಣಗಿದೆ," ಎಂದು ತಾನೇ ಒಪ್ಪಿಕೊಂಡ. ಮೇಲೆದ್ದು ದೊಡ್ಡಿಯತ್ತ ನೋಡಿ, ಅಮ್ಮಾವ್ರೇ ಅನ್ನುವ ಹಾಗೆ ದೋನ್ಯಾ ಎಂದೇ ಗೌರವದಿಂದ ಕರೆದು ಕೇಳಿದ. "ಆದರೂ ದೋನ್ಯಾ ಎರ್ಮಿಂದಾ, ಇದು ನಮ್ಮ ತೋಟದ ನೊಣಾನೇ ಅಂತ ಹೇಗೆ ಹೇಳ್ತೀರಿ? ಗುರುತಿನ ಚೀಟಿ ಕೊಟ್ಟು ಕಳಿಸಿದ್ದೀವಾ?"

"ನಿಮ್ಮ ಬೇಲಿಯುದ್ದಕ್ಕೂ ಅಂಟು ಬಳಿದು ಬಿಳಿ ಚೀಲ ನೇತುಹಾಕಿದ್ದೀರಲ್ಲ. ಅದಕ್ಕೆ ಅಂಟಿಕೊಂಡಿರೋರು ಯಾರು, ನಿಮ್ಮ ನೆಂಟರಾ?"

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಎಲೋದಿಯಾ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಲೋ ಓಲ್ಮಾನ್, ನಿನ್ನಮ್ಮನ ಹಸು ಎಲ್ಲಿದ್ದಾವೋ ಇವತ್ತು?"

"ಇದ್ದಾವೆ ಅಜ್ಜಿ."

"ಎಲ್ಲಿ?"

ಅವನು ಬೆರಳಿನ ಬೂದಿ ಪ್ಯಾಂಟಿಗೆ ಒರೆಸಿಕೊಂಡ. "ಹೊಳೇಲಿ."

ಮಾರಿಸೆಲ್ ದೊಡ್ಡಿಯೊಳಗೆ ಹೋಗಿ ನೇಗ್ರಾಳಿಂದ ಎರಡು ಮೀಟರು ದೂರ ನಿಂತಳು. ಕೈಯಲ್ಲಿ ಗುಂಡಿ ಒತ್ತಿ ಎಣಿಸುವ ಪುಟ್ಟ ಯಂತ್ರ.

"ಅದರಲ್ಲಿ ಅರ್ಧ ಮನೆ ನೊಣ ಇರ್ಬೇಕು, ಮೇಡಂ," ಓಲ್ಮಾನ್ ಹೊರಗಿನಿಂದ ಕೂಗಿದ.

"ಮನೆ ನೊಣ ತಲೆ ಕೆಳಗೆ ಮಾಡಿ ಕೂರುತ್ತೆ. ಇವು ತಲೆ ಮೇಲೆ ಮಾಡಿವೆ. ಮೂತಿ ಮುಂದೆ ಸೂಜಿನೂ ಕಾಣ್ತಿದೆ. ಬೇಕಾದ್ರೆ ಬಂದು ನೋಡಿ."

ಅವನು ಬರಲಿಲ್ಲ.

ಮೊದಲ ಸುತ್ತು ಏಳು ಹತ್ತಕ್ಕೆ. ನೇಗ್ರಾ ಇಪ್ಪತ್ತೆರಡು, ಕನೇಲಾ ಇಪ್ಪತ್ತೈದು, ಪಲೋಮಾ ಮೂವತ್ತನಾಲ್ಕು. ಒಟ್ಟು ಎಂಬತ್ತೊಂದು. ಮಾರಿಸೆಲ್ ಗಟ್ಟಿಯಾಗಿ ಹೇಳಿ ಬರೆದುಕೊಂಡಳು. ಓಲ್ಮಾನ್ ತನ್ನ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡ. ಇದೇ ರೀತಿ ನಡೆದರೆ ಮೊತ್ತ ಇನ್ನೂರ ಇಪ್ಪತ್ತೈದು ದಾಟುತ್ತದೆ ಎಂದು ಇಬ್ಬರಿಗೂ ತಿಳಿಯಿತು. ಎರ್ಮಿಂದಾಳಿಗೂ ತಿಳಿಯಿತು.

ಪಲೋಮಾ ಕಾಲು ಒದರುತ್ತಿತ್ತು. ಮುಂಗಾಲು ಎತ್ತಿ ನೆಲಕ್ಕೆ ಕುಟ್ಟುವುದು, ಹಿಂಗಾಲು ಎತ್ತಿ ಕುಟ್ಟುವುದು, ಮತ್ತೆ ಮುಂಗಾಲು. ನೊಣ ಕ್ಷಣ ಎದ್ದು ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಬಿಳಿಯ ಕಾಲಿನ ಮೇಲೆ ರಕ್ತದ ಸಣ್ಣ ಚುಕ್ಕೆಗಳು ಕಾಣುತ್ತಿದ್ದವು. ಕರು ಅದರ ಹೊಟ್ಟೆಯ ಕೆಳಗೇ ಬಿದ್ದುಕೊಂಡಿತ್ತು. ಇನ್ನೂ ಗಿಣ್ಣದ ಹಾಲು ಕುಡಿದಿರಲಿಲ್ಲ. ಮೂರು ಸಲ ಎದ್ದು ಕೆಚ್ಚಲಿಗೆ ಮೂತಿ ತಾಗಿಸುವ ಹೊತ್ತಿಗೆ ತಾಯಿ ಕಾಲು ಕುಟ್ಟಿತು, ಮೂರು ಸಲವೂ ಕರು ಹೆದರಿ ಬಿತ್ತು. ಮೂರನೆಯ ಸಲ ಬಿದ್ದಾಗ ಪಲೋಮಾಳ ಹಿಂಗಾಲಿನ ಗೊರಸು ಅದರ ತಲೆಯಿಂದ ಒಂದು ಗೇಣು ಆಚೆ ಕೆಸರಿನಲ್ಲಿ ಇಳಿಯಿತು.

"ಮೇಡಂ, ಕರೂನ ಒಂದು ಮೂಲೆಗೆ ಎಳೀಲಾ?" ಎರ್ಮಿಂದಾ ಕೇಳಿದಳು.

"ಎಳೆದ್ರೆ ಹಸುನೂ ಹಿಂದೆ ಬರುತ್ತೆ. ಓಡಾಡೋ ಹಸು ಕಾಲು ಎಣಿಸೋಕಾಗಲ್ಲ."

"ಮುಂದಕ್ಕೆ ಹಾಕಿ," ಓಲ್ಮಾನ್ ಹೇಳಿದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಹದಿನೈದು ದಿನ ಬಿಟ್ಟು ಇಟ್ಕೊಳ್ಳಿ. ಬಾಣಂತಿ ಹಸು ಇದು."

"ಹದಿನೈದು ದಿನಕ್ಕೆ ಆ ರಾಶೀಲಿರೋದೆಲ್ಲ ಎದ್ದು ಹಾರಿರುತ್ತೆ ಓಲ್ಮಾನ್. ಆಮೇಲೆ ಒಣಕಲು ಎಲೆ ಹೂಳಿ ಏನು ಬರುತ್ತೆ?"

ಅವನಿಗೂ ಗೊತ್ತಿದ್ದ ವಿಷಯ.

ಎರಡನೆಯ ಸುತ್ತು. ನೇಗ್ರಾ ಇಪ್ಪತ್ತನಾಲ್ಕು, ಕನೇಲಾ ಇಪ್ಪತ್ತಾರು, ಪಲೋಮಾ ಮೂವತ್ತೇಳು. ಎರಡೂ ಸುತ್ತು ಸೇರಿ ನೂರ ಅರವತ್ತೆಂಟು. ಇನ್ನು ಐವತ್ತೇಳು ಬೇಕು. ಈಗಿರುವಷ್ಟೇ ನೊಣ ಇದ್ದರೂ ಎಂಬತ್ತರ ಮೇಲೆ ಬರುತ್ತದೆ.

ಎರ್ಮಿಂದಾ ಅಡ್ಡಗಳವನ್ನು ಎರಡೂ ಕೈಗಳಿಂದ ಹಿಡಿದು ನಿಂತಳು. ಹತ್ತು ನಿಮಿಷ. ಅನ್ನಕ್ಕೆ ಬೇಯಿಸಿದ ಕಪ್ಪು ಬೀನ್ಸ್ ಕಾಳು ಕಲಸಿ ಹುರಿಯಲು ಬೇಕಾಗುವಷ್ಟು ಹೊತ್ತು. ಅವಳು ಹೊಳೆಯ ಕಡೆ ನೋಡಿದಳು, ಆಕಾಶ ನೋಡಿದಳು, ಮತ್ತೆ ಕರುವಿನ ಕಡೆ ನೋಡಿದಳು. ಅದರ ಕಣ್ಣಂಚಿನಲ್ಲಿ ಆರೇಳು ನೊಣ ಸಾಲಾಗಿ ಕೂತಿದ್ದವು. ರೆಪ್ಪೆ ಬಡಿದರೆ ಏಳುತ್ತಿದ್ದವು. ಈಗ ಅದು ಬಡಿಯುವುದನ್ನೂ ನಿಲ್ಲಿಸಿತ್ತು.

"ಬೆಂಕಿಪೊಟ್ಟಣ ಕೊಡೇ," ಎಲೋದಿಯಾ ಕುರ್ಚಿಯಿಂದ ಅಂದಳು.

"ಇನ್ನು ಆರು ನಿಮಿಷ, ಅತ್ತೆ."

"ಆರು ನಿಮಿಷಕ್ಕೆ ಅದು ಬದುಕಿರುತ್ತಾ?"

ಏಳು ಇಪ್ಪತ್ತಾರಕ್ಕೆ ಕರು ನಾಲ್ಕನೆಯ ಸಲ ಏಳಲು ನೋಡಿತು. ಹಿಂಗಾಲು ಎತ್ತಿತು, ಮುಂಗಾಲು ಮಡಚಿಯೇ ಇತ್ತು. ಪಲೋಮಾ ಬಲಗಾಲು ಎತ್ತಿ ಕುಟ್ಟಿತು. ಗೊರಸು ಕರುವಿನ ಮುಂಗಾಲಿನ ಮೇಲೆ ಬಿತ್ತು. ಕರು ಕೂಗಿತು. ಹುಟ್ಟಿದಮೇಲೆ ಅದು ಮಾಡಿದ ಮೊದಲ ಸದ್ದು. ಕೂಗು ಕೇಳಿ ಪಲೋಮಾ ಗಾಬರಿಯಿಂದ ಸುತ್ತತೊಡಗಿತು, ನಾಲ್ಕು ಗೊರಸುಗಳು ಕರುವಿನ ಸುತ್ತ ಬೀಳತೊಡಗಿದವು.

ಎರ್ಮಿಂದಾ ಅಡ್ಡಗಳದ ಕೆಳಗೆ ನುಸುಳಿದಳು.

"ದೋನ್ಯಾ, ಬೇಡ!" ಓಲ್ಮಾನ್ ಕೂಗಿದ. "ನಿಮ್ಮ ಎಣಿಕೆ ಹೋಗುತ್ತೆ!"

"ಹಸೂನ ಮುಟ್ಟಬೇಡಿ," ಮಾರಿಸೆಲ್ ಇದ್ದ ಜಾಗದಿಂದಲೇ ಹೇಳಿದಳು. "ಕರು ಲೆಕ್ಕದಲ್ಲಿಲ್ಲ. ಹಸೂನ ಮಾತ್ರ ಮುಟ್ಟಬೇಡಿ."

ಕೆಸರು ಚಪ್ಪಲಿಗಳನ್ನು ಹಿಡಿದುಕೊಂಡಿತು. ಬರಿಗಾಲಲ್ಲೇ ಹೋಗಿ ಅವಳು ಕರುವನ್ನು ಮೈಗೆ ಒತ್ತಿಕೊಂಡು ಮಂಡಿಯೂರಿ ಅದರ ಮೇಲೆ ಬಾಗಿದಳು, ಏಪ್ರನ್ನಿನಿಂದ ಮುಖ ಮುಚ್ಚಿದಳು. ಹದಿನಾಲ್ಕು ವರ್ಷ ಅವಳ ಕೈಯಲ್ಲೇ ಹಾಲು ಕರೆಸಿಕೊಂಡ ಪಲೋಮಾ ಅವಳ ಬೆನ್ನು ಮೂಸಿ ನಿಂತಿತು. ಸುತ್ತುವುದು ನಿಂತಿತು. ಕಾಲು ಒದರುವುದು ಕಡಿಮೆಯಾಯಿತು.

ಯಾಕೆ ಕಡಿಮೆಯಾಯಿತು ಎಂಬುದು ಎರ್ಮಿಂದಾಳಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಲಂಗ ಮಂಡಿಯ ಮೇಲಕ್ಕೆ ಸರಿದಿತ್ತು. ಮೀನಖಂಡದ ಮೇಲೆ ಮೊದಲು ಒಂದು ಸೂಜಿ, ಆಮೇಲೆ ಮೂರು, ಆಮೇಲೆ ಎಣಿಸಲಾರದಷ್ಟು. ಕೂದಲಿಲ್ಲದ, ಬಾಲದ ಹೊಡೆತವಿಲ್ಲದ, ಅಲ್ಲಾಡದ ಕಾಲುಗಳು ನೊಣಗಳಿಗೆ ಸಿಕ್ಕಿದ್ದವು. ಅವಳ ಮುಖದ ಪಕ್ಕದಲ್ಲೇ ಪಲೋಮಾಳ ಮುಂಗಾಲುಗಳಿದ್ದವು. ಆಗ ಒಂದರ ಮೇಲೇ ಒಂಬತ್ತು, ಹತ್ತು ನೊಣ ಇದ್ದ ಕಾಲುಗಳು. ಈಗ ಅವಳು ಕಣ್ಣಲ್ಲೇ ಎಣಿಸಿದಳು. ಎರಡರಲ್ಲೂ ಸೇರಿ ಆರು.

ಅವಳ ಮೇಲೆ ಕೂತ ಪ್ರತಿಯೊಂದು ನೊಣವೂ ಎಣಿಕೆಯಿಂದ ಕಳೆದುಹೋದ ನೊಣ.

"ಎಷ್ಟು ನಿಮಿಷ ಇದೆ?" ತಲೆಯೆತ್ತದೆ ಕೇಳಿದಳು.

"ಎರಡೂವರೆ," ಅಂದಳು ಮಾರಿಸೆಲ್. ಒಂದು ಕ್ಷಣ ಬಿಟ್ಟು, "ಈಗ ಎದ್ದು ಹೊರಗೆ ಹೋದ್ರೂ ನಡೆಯುತ್ತೆ," ಎಂದು ಸೇರಿಸಿದಳು.

ಏನು ಹೇಳುತ್ತಿದ್ದಾಳೆಂದು ಎರ್ಮಿಂದಾಳಿಗೆ ಅರ್ಥವಾಯಿತು. ಹೊರಗೆ ಹೋದರೆ ನೊಣ ಪಲೋಮಾಳಿಗೆ ಮರಳುತ್ತದೆ, ಮೊತ್ತ ದಾಟುತ್ತದೆ, ರಾಶಿ ಹೂಳುತ್ತಾರೆ. ಕರುವಿನ ಎದೆ ಅವಳ ಎದೆಗೆ ತಾಗಿ ಬಡಿಯುತ್ತಿತ್ತು. ಅವಳು ಏಳಲಿಲ್ಲ. ನೊಣ ಹೊಡೆಯಲು ಕೈಯನ್ನೂ ಎತ್ತಲಿಲ್ಲ. ಕೈಬೀಸಿದರೆ ಹಸುವಿನ ಮೇಲಿದ್ದವೂ ಎದ್ದುಹೋಗುತ್ತವೆ.

ಏಳು ಮೂವತ್ತು. ನೇಗ್ರಾ ಹತ್ತೊಂಬತ್ತು. ಕನೇಲಾ ಇಪ್ಪತ್ತೊಂದು. ಮಾರಿಸೆಲ್ ಪಲೋಮಾಳ ಸುತ್ತ ಬಂದು, ಎರಡು ಸಲ ನೋಡಿ, ಹೇಳಿದಳು:

"ಹನ್ನೊಂದು."

ಓಲ್ಮಾನ್ ಅಂಗೈ ಮೇಲೆ ಕೂಡಿದ. ಐವತ್ತೊಂದು. ಒಟ್ಟು ಇನ್ನೂರ ಹತ್ತೊಂಬತ್ತು. ಆರು ಕಡಿಮೆ. ಅವನು ಅಂಗೈ ಮುಚ್ಚಿಕೊಂಡ.

"ಮಗಳೇ," ಎಲೋದಿಯಾ ಮಾರಿಸೆಲ್‌ಳನ್ನು ಕರೆದಳು. ಕುರ್ಚಿಯಿಂದ ಎದ್ದು ಅಡ್ಡಗಳಕ್ಕೆ ಆತು ನಿಂತಿದ್ದಳು. "ಮಿಕ್ಕ ನೊಣ ಎಲ್ಲಿ ಹೋದ್ವು ಅಂತ ನಿನಗೆ ಕಾಣಲ್ವಾ? ಇವಳ ಕಾಲೂ ಎಣಿಸು."

"ಅಜ್ಜಿ, ನಮೂನೇಲಿ ಮನುಷ್ಯರಿಗೆ ಕಲಂ ಇಲ್ಲ."

"ಹಸೂಗೆ ಕಲಂ ಇದೆ, ನನ್ನ ಸೊಸೆಗೆ ಇಲ್ಲ?"

ಮಾರಿಸೆಲ್ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದಳು. ಆಮೇಲೆ ಯಂತ್ರವನ್ನು ಸೊನ್ನೆಗೆ ತಂದು ಎರ್ಮಿಂದಾಳ ಹಿಂದೆ ಕುಕ್ಕರುಗಾಲಲ್ಲಿ ಕೂತಳು.

"ಅಲ್ಲಾಡಬೇಡಿ ದೋನ್ಯಾ. ಇನ್ನೊಂದೇ ನಿಮಿಷ."

"ಇಷ್ಟು ಹೊತ್ತು ಅಲ್ಲಾಡಿದ್ನಾ?"

ಗುಂಡಿಯ ಸದ್ದು ನಿಧಾನವಾಗಿ ಕೇಳಿಸಿತು. ಎಡಗಾಲು ಹದಿನೇಳು. ಬಲಗಾಲು ಹದಿನಾಲ್ಕು.

"ಇದು ಯಾವ ನಿಯಮ ಮೇಡಂ?" ಓಲ್ಮಾನ್ ಕೇಳಿದ.

"ನಿಯಮ ಅಲ್ಲ. ಷರಾ." ಅವಳು ಎದ್ದು ಕಾಗದದ ಹಿಂಬದಿಯಲ್ಲಿ ಬರೆಯತೊಡಗಿದಳು, ಬರೆದದ್ದನ್ನು ಓದಿ ಹೇಳಿದಳು. "ಮೊತ್ತ ಇನ್ನೂರ ಹತ್ತೊಂಬತ್ತು, ಮಿತಿಗಿಂತ ಕಡಿಮೆ. ಮೂರನೇ ಸುತ್ತಿನ ವೇಳೆ ಮಾಲೀಕರು ಕರುವನ್ನು ರಕ್ಷಿಸಲು ದೊಡ್ಡಿಯೊಳಗೆ ಇದ್ದರು. ಅದೇ ಹೊತ್ತಿಗೆ ಅವರ ಎರಡು ಕಾಲುಗಳ ಮೇಲೆ ಮೂವತ್ತೊಂದು ಕಚ್ಚುನೊಣ." ಎರ್ಮಿಂದಾಳ ಕಡೆ ತಿರುಗಿದಳು. "ಎಣಿಕೆ ಪ್ರಕಾರ ನೀವು ಸೋತಿರಿ. ಅದನ್ನು ತಿದ್ದೋಕೆ ನನ್ನಿಂದ ಆಗಲ್ಲ. ಆದರೆ ಮನುಷ್ಯರಿಗೆ ಕಚ್ಚಿದ್ದು ಆರೋಗ್ಯ ಇಲಾಖೆಗೆ ಹೋಗುತ್ತೆ. ಅಲ್ಲಿ ಇನ್ನೂರ ಇಪ್ಪತ್ತೈದು ಅನ್ನೋ ಗೆರೆ ಇಲ್ಲ. ಕೆಲಸ ಆಗುತ್ತೆ ಅಂತ ಮಾತು ಕೊಡಲ್ಲ. ಕಾಗದ ಮಾತ್ರ ಇವತ್ತೇ ತಲುಪುತ್ತೆ. ಕಾಗದದ ಎರಡೂ ಬದಿಗೆ ಸಾಕ್ಷಿ ಸಹಿ ಇರ್ಬೇಕು."

ಎಲ್ಲರೂ ಓಲ್ಮಾನನ ಕಡೆ ನೋಡಿದರು. ಅವನು ಕಾಗದ ತೆಗೆದುಕೊಂಡು ಮುಂಬದಿ ಓದಿದ, ಹಿಂಬದಿ ಓದಿದ, ಮತ್ತೆ ಮುಂಬದಿ ಓದಿದ.

"ಮುಂಬದಿಗೆ ಮಾತ್ರ ಸಹಿ ಹಾಕಿದ್ರೆ?"

"ಹಿಂಬದಿ ನೀವು ನೋಡ್ಲಿಲ್ಲ ಅಂತಾಗುತ್ತೆ."

"ನೋಡಿಲ್ಲ ಅಂತ ಹೇಳೋ," ಎಲೋದಿಯಾ ಅಂದಳು. "ನಿನ್ನಮ್ಮ ಕೇಳಿದಾಗ್ಲೂ ಹಾಗೇ ಹೇಳುವೆಯಂತೆ."

"ಅಜ್ಜಿ, ನಾಳೆ ಆಫೀಸಲ್ಲಿ ನಿಲ್ಲೋನು ನಾನು. ನೀವಲ್ಲ."

ಅವನ ಕತ್ತಿನ ಮೇಲೆ ಒಂದು ನೊಣ ಕೂತಿತು. ಹೊಡೆದ, ತಪ್ಪಿತು. ಕಾಗದವನ್ನು ಬೈಕಿನ ಸೀಟಿನ ಮೇಲಿಟ್ಟು ಮುಂಬದಿ ಸಹಿ ಹಾಕಿದ. ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ. ಹಿಂಬದಿಗೂ ಹಾಕಿದ.

"ಕಂಡಿದ್ದಕ್ಕೆ ಸಹಿ," ಅಂದ, ಯಾರ ಮುಖವನ್ನೂ ನೋಡದೆ. "ಬೇರೆ ಯಾವುದಕ್ಕೂ ಅಲ್ಲ."

ಎರ್ಮಿಂದಾ ಇನ್ನೂ ಕೆಸರಿನಲ್ಲೇ ಇದ್ದಳು. ಏಪ್ರನ್ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅತ್ತೆಯ ಕಡೆ ಎಸೆದಳು. ಅದು ನೆಲಕ್ಕೆ ಬಿತ್ತು, ಮಾರಿಸೆಲ್ ಎತ್ತಿ ಕೊಟ್ಟಳು. ಎಲೋದಿಯಾ ಗೂಡಿನ ತುಂಡಿಗೆ ಬೆಂಕಿ ತಾಗಿಸಿದಳು, ಹೊಗೆ ದೊಡ್ಡಿಯೊಳಗೆ ಇಳಿಯಿತು. ಆಮೇಲೆ ಕರುವನ್ನು ಸೊಂಟದಡಿ ಹಿಡಿದು ಎಬ್ಬಿಸಿ ಕೆಚ್ಚಲಿಗೆ ಹಿಡಿದರು. ಎರ್ಮಿಂದಾ ಒಂದು ಕಡೆ, ಓಲ್ಮಾನ್ ಇನ್ನೊಂದು ಕಡೆ. ಮುಂಗಾಲಿನ ಮೂಳೆ ಮುರಿದಿರಲಿಲ್ಲ, ಊದಿತ್ತು. ಮೂರನೆಯ ಪ್ರಯತ್ನಕ್ಕೆ ಅದು ಹಾಲು ಎಳೆದುಕೊಂಡಿತು.

ಆರೋಗ್ಯ ಇಲಾಖೆಯ ಆದೇಶದ ಮೇಲೆ ಹೂಳುವ ಯಂತ್ರ ಹೊಳೆಯಾಚೆ ಬಂದದ್ದು ಹನ್ನೊಂದನೆಯ ದಿನ. ಅಷ್ಟರಲ್ಲಿ ರಾಶಿಯ ಒಂದು ಭಾಗದ ನೊಣ ಎದ್ದು ಹಾರಿಯಾಗಿತ್ತು. ಹೊಳೆಯಲ್ಲಿ ನಿಲ್ಲುತ್ತಿದ್ದ ನಾಲ್ಕು ಹಸುಗಳು ಹಗಲಲ್ಲಿ ನೀರು ಬಿಟ್ಟು ಮೇಲೆ ಬಂದು ಮೇಯತೊಡಗಿದ್ದು ಇಪ್ಪತ್ತೇಳನೆಯ ದಿನ. ಎರ್ಮಿಂದಾ ಯಾವುದನ್ನೂ ಮಾರಲಿಲ್ಲ.