ಮರಿಯಾ ಅಂದರೆ

"ಬೈಬಲ್ಲಿನ ಇಬ್ರಿಯ ಭಾಷಾದಾಗ ಮರಿಯಾ ಅಂದ್ರ ಕಹಿ," ಎಂದರು ಯಲಬುರ್ಗಿ ಚರ್ಚಿನ ಉಪದೇಶಿ ದೇವಪುತ್ರಪ್ಪ. ಮಗನಿಗೆ ಹೆಣ್ಣು ನೋಡಲು ಗಂಗಾವತಿಗೆ ಬಂದವರು ಹುಡುಗಿಯ ಮುಖಕ್ಕಿಂತ ಹೆಸರನ್ನೇ ಹೆಚ್ಚು ವಿಚಾರಿಸಿದ್ದರು. "ಮನಿ ತುಂಬೋ ಸೊಸಿ ಹೆಸರು ಕಹಿ ಇರಬಾರದು."

ಹುಡುಗಿಯ ತಾಯಿ ಸುಂಕಲಮ್ಮ ಒಳಬಾಗಿಲತ್ತ ನೋಡಿದಳು. ಅವಳು ಮಿಶನ್ ದವಾಖಾನೆಯ ಆಯಾ. ಹದಿನೇಳು ವರ್ಷದ ಹಿಂದೆ ಅವಳ ಹೆರಿಗೆ ಮಾಡಿಸಿದ ಬಿಳಿಯ ಡಾಕ್ಟರ್ ದೊರೆಸಾನಿಯೇ ಕೂಸನ್ನೆತ್ತಿ ಈ ಹೆಸರಿಟ್ಟಿದ್ದಳು. ಅರ್ಥ ಕೇಳುವ ಧೈರ್ಯ ಆಗ ಯಾರಿಗಿತ್ತು?

"ಯೇಸುಸ್ವಾಮಿ ಅವ್ವನ ಹೆಸರಲ್ರಿ ಅದು?"

"ಆಕಿ ಮಾತು ಬ್ಯಾರೆ."

ಯುದ್ಧದ ವರ್ಷ. ಸಕ್ಕರೆ ಸಿಗದೆ ಬೆಲ್ಲದ ಚಹ ಮಾಡಿಟ್ಟಿದ್ದಳು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಹಂಗಾರ ಬದಲು ಮಾಡೋಣ್ರಿ," ಎಂದಳು ಸುಂಕಲಮ್ಮ. "ನೀವ ಒಂದು ಛಲೋ ಹೆಸರು ಹೇಳ್ರಿ. ಪಾದ್ರಿಗಳ ಕೈಲಿ ದಫ್ತರದಾಗ ಬರಸ್ತೀನಿ."

ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ದೇವಪುತ್ರಪ್ಪ ಎಣಿಸಿರಲಿಲ್ಲ.

"ಹೆಸರೇನೋ ಬದಲಾದೀತು. ನಿನ್ನ ಗಂಡ ದ್ಯಾವಪ್ಪ ಕೆರ ಹೊಲೀತಿದ್ನಂತ ಕೇಳೀವಿ. ನಾವೂ ಕ್ರಿಸ್ತನವರ, ಖರೇ. ಆದ್ರ ಅದಕ್ಕೂ ಮೊದ್ಲ ನಾವು ಹೊಲಮನಿ ಇದ್ದ ಮಂದಿ."

ಸುಂಕಲಮ್ಮ ಸೆರಗು ಹಿಡಿದು ನಿಂತಳು. ಬಾಗಿಲ ಮರೆಯಲ್ಲಿದ್ದ ಮರಿಯಾ ಹೊರಗೆ ಬಂದಳು.

"ನಿಮ್ಮ ಹೆಸರಿಗೆ ಅರ್ಥ ಏನ್ರಿ?"

ಉಪದೇಶಿ ಕೊಡೆಗೆ ಕೈ ಹಾಕಿದರು.

"ದೇವರ ಮಗ," ಎಂದ ಪಕ್ಕದಲ್ಲಿದ್ದ ವರ, ತಲೆ ಎತ್ತದೆ.

"ಹೌದ? ನನ್ನ ಹೆಸರು ಇದ ಇರಲಿ," ಎಂದು ಅವಳು ಒಳಗೆ ಹೋದಳು.

ಬಂದವರು ಕೊಡೆ ಎತ್ತಿಕೊಂಡು ಹೊರಟರು. ಮಾತು ಕೊಪ್ಪಳ, ಕುಷ್ಟಗಿಯ ತನಕ ಹಬ್ಬಿತು. ಬಾಯಿ ಜೋರಿನ ಹುಡುಗಿ ಎಂದು ಮತ್ತೆ ಯಾರೂ ಆ ಮನೆಗೆ ಬರಲಿಲ್ಲ. ಮರಿಯಾ ದವಾಖಾನೆಯಲ್ಲಿ ಗಾಯದ ಪಟ್ಟಿ ಒಗೆಯುವ ಕೆಲಸಕ್ಕೆ ಸೇರಿದಳು. ಹೆಸರಿಟ್ಟ ದೊರೆಸಾನಿ ದಿನವೂ ಎದುರಿಗೇ ಓಡಾಡುತ್ತಿದ್ದರೂ ಸುಂಕಲಮ್ಮ ಆ ಹೆಸರಿನ ಅರ್ಥ ಕೇಳಲಿಲ್ಲ. ಮಗಳನ್ನೂ ದೂರಲಿಲ್ಲ.

ಮೊದಲೆಲ್ಲ ಓಣಿ ತುಂಬ ಕೇಳುವಂತೆ "ಮರೀ" ಎಂದು ಕೂಗಿ ಊಟಕ್ಕೆ ಕರೆಯುತ್ತಿದ್ದಳು. ಈಗ ರೊಟ್ಟಿ ಸುಟ್ಟಾದ ಮೇಲೆ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಹೆಸರು ಕೂಗಲು ತುಟಿ ತೆರೆಯುತ್ತಾಳೆ. ಆಮೇಲೆ ಸುಮ್ಮನೆ ಚಿಲಕ ಅಲುಗಿಸುತ್ತಾಳೆ. ಆ ಸದ್ದಿಗೆ ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ಎದ್ದು ಬರುತ್ತಾಳೆ.