ಬಿಸ್ಕತ್ತಿನ ಡಬ್ಬದ ಕಾರ್ಡುಗಳು

ಕಂಪ್ಯೂಟರ್ ಹೇಳಿದ ಮೇಲೆ ಎದುರು ಮಾತಾಡುವವರು ಯಾರು? ೧೯೯೭ರಲ್ಲಿ ಚಿಂತಾಮಣಿಯ ಆ ಕಾಲೇಜಿನಲ್ಲಂತೂ ಯಾರೂ ಇರಲಿಲ್ಲ. ಲೈಬ್ರೇರಿಯನ್ ಹಮೀದಾ ಬೇಗಂ ಎಂಟು ತಿಂಗಳು ಕೂತು ದಾಸ್ತಾನು ರಿಜಿಸ್ಟರನ್ನೂ ಕಪಾಟಿನ ಪುಸ್ತಕಗಳನ್ನೂ ಟ್ರೇಯಲ್ಲಿದ್ದ ಎರವಲು ಕಾರ್ಡುಗಳನ್ನೂ ಅದಕ್ಕೆ ಉಣಿಸಿದ್ದರು. ಹೊಟ್ಟೆ ತುಂಬಿದ ಮೇಲೆ ಆ ಪುಣ್ಯಾತ್ಮ ಹೇಳಿದ್ದು ಒಂದೇ ಮಾತು: ಅರವತ್ತನಾಲ್ಕು ಪುಸ್ತಕ ಕಾಣೆ.

ಪ್ರಿನ್ಸಿಪಾಲರು ಅಟೆಂಡರ್ ಆವುಲಪ್ಪನತ್ತ ಬೊಟ್ಟು ಮಾಡಿದರು. "ಬೀಗದ ಕೈ ಇರೋದು ಅವನ ಹತ್ರ. ನಾಳೆ ರಿಪೋರ್ಟ್ ಕೊಡಿ, ಸಸ್ಪೆಂಡ್ ಮಾಡ್ತೀನಿ."

ಇಪ್ಪತ್ತು ವರ್ಷ ಜೊತೆಗೆ ದುಡಿದವನು. ಆದರೂ ಬೇಲಿಯೇ ಎದ್ದು ಹೊಲ ಮೇಯಿತೇ ಎಂದು ಹಮೀದಾಗೆ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಕೊನೆಗೆ ಅವನನ್ನೇ ಕೇಳಿದರು.

"ಟ್ರೇನಲ್ಲಿರೋ ಕಾರ್ಡು ಕೊಡು ಅಂದ್ರಿ, ಕೊಟ್ಟೆ. ಡಬ್ಬದಲ್ಲಿರೋದು ನೀವು ಕೇಳ್ಲೇ ಇಲ್ವಲ್ಲಮ್ಮ!" ಎಂದ ಆವುಲಪ್ಪ, ಹಳೇ ಪೇಪರಿನ ಹಿಂದಿನಿಂದ ಬಿಸ್ಕತ್ತಿನ ಡಬ್ಬ ತೆಗೆದ. ತುಂಬ ಕಾರ್ಡುಗಳು. ಎಲ್ಲವೂ ಕೆಂಚಾರ್ಲಹಳ್ಳಿ ಕಡೆಯ ರೇಷ್ಮೆ ಮನೆಗಳ ಮಕ್ಕಳವು.

"ಹುಳು ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಮನೆ ಬಿಟ್ಟು ಪುಸ್ತಕ ಕೊಡಕ್ಕೆ ಬರಕ್ಕಾಗುತ್ತಾ? ಗೂಡು ಬಿಡಿಸಿದ್ಮೇಲೆ ಬರ್ತಾರೆ. ಅದಕ್ಕೇ ಇವ್ರುದು ಬೇರೆ ಇಡ್ತೀನಿ. ಒಂದು ಪುಸ್ತಕಾನೂ ಹೋಗಿಲ್ಲಮ್ಮ ಇಷ್ಟು ವರ್ಷದಲ್ಲಿ."

ಹಮೀದಾಗೆ ಹೋದ ಜೀವ ಬಂದಂತಾಯಿತು. ಒಂದೊಂದೇ ಕಾರ್ಡು ನೋಡಿ ಟೈಪ್ ಮಾಡಿದರು. ಅರವತ್ತಮೂರಕ್ಕೆ ಡಬ್ಬ ಬರಿದಾಯಿತು. ಪರದೆಯ ಮೇಲೆ ಒಂದು ಉಳಿಯಿತು.

"ಇನ್ನೊಂದು ಎಲ್ಲಿ ಆವುಲಪ್ಪ?"

ಅವನು ಒಲ್ಲದ ಮನಸ್ಸಿನಿಂದ ಜೇಬಿನಿಂದ ಒಂದು ಕಾರ್ಡು ತೆಗೆದುಕೊಟ್ಟ. ಅವನದೇ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ಹಮೀದಾ ಬೇಗಂ. ಕಳೆದ ರಂಜಾನಿನಲ್ಲಿ ಮಗಳು ತಾಹಿರಾಗೆಂದು ರಸಾಯನಶಾಸ್ತ್ರದ ಪುಸ್ತಕ ಒಯ್ದವರು, ನಾಳೆ ಬರೆದರಾಯಿತು ಎಂದು ಮರೆತೇಬಿಟ್ಟಿದ್ದರು.

"ಪ್ರಿನ್ಸಿಪಾಲರ ಕಣ್ಣಿಗೆ ಬೀಳೋದು ಬ್ಯಾಡಾಂತ ಜೇಬಲ್ಲಿಟ್ಕೊಂಡಿದ್ದೆ."

ತಾನು ಅನುಮಾನಿಸಿದವನು ತನ್ನ ಮಾನ ಕಾಯುತ್ತಿದ್ದ. ಹಮೀದಾಗೆ ಕಣ್ಣು ತುಂಬಿ ಬಂತು, ಮುಚ್ಚಿಡಲೂ ಹೋಗಲಿಲ್ಲ. ಆ ಕಾರ್ಡನ್ನೂ ಟೈಪ್ ಮಾಡಿದರು. ಸಾಫ್ಟ್‌ವೇರಿನಲ್ಲಿ ವಿದ್ಯಾರ್ಥಿ, ಅಧ್ಯಾಪಕ ಎಂಬ ಎರಡೇ ಗುಂಪುಗಳಿದ್ದವು. ಅದರ ಕೆಳಗೆ 'ರೇಷ್ಮೆ ಮನೆ' ಎಂಬ ಮೂರನೆಯದನ್ನು ಸೇರಿಸಿ, ಗಡುವು ನಲವತ್ತು ದಿನ ಎಂದು ಹಾಕಿದರು.

"ಒತ್ತು ಆವುಲಪ್ಪ, ಈ ದೊಡ್ಡ ಕೀಲಿ."

ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದ. ಕಾಣೆಯಾದವು: ಸೊನ್ನೆ.

"ಹಂಗಾದ್ರೆ ಡಬ್ಬ ಎಸೆದ್ಬಿಡಣಾ?"

"ಬೇಡಪ್ಪ. ಕರೆಂಟ್ ಹೋದ್ರೆ ಅದೇ ಗತಿ."

ಮರುದಿನ ಪ್ರಿನ್ಸಿಪಾಲರ ಮೇಜಿಗೆ ರಿಪೋರ್ಟ್ ಹೋಯಿತು. ಬರೆಯದೆ ಪುಸ್ತಕ ಒಯ್ದವರು ಎಂಬಲ್ಲಿ ಒಂದೇ ಹೆಸರಿತ್ತು: ಹಮೀದಾ ಬೇಗಂ. ಕೆಳಗಿನ ಸಹಿಯೂ ಅವರದೇ.