ಶಾಕವ್ರತದ ಬಾಯಿಹುಣ್ಣು

ಆಷಾಢದಲ್ಲಿ ಶಾಕವ್ರತ ಹಿಡಿದರೆಂದರೆ ಸತ್ಯಪ್ರಕಾಶನ ಮನೆಯೊಳಗೆ ಒಂದು ತಿಂಗಳು ಸೊಪ್ಪು, ತರಕಾರಿ, ಹಣ್ಣು, ಹಸಿಮೆಣಸಿನಕಾಯಿ ಯಾವುದೂ ಬರುವಂತಿಲ್ಲ. ಮಗನ ಸಂಶೋಧನಾ ಸಂಸ್ಥೆಯ ನೌಕರಿಗೆಂದು ಅಹಮದಾಬಾದಿಗೆ ಬಂದು ವರ್ಷಗಳು ಕಳೆದರೂ ತಾಯಿ ಪಾರ್ವತಿಬಾಯಿ ಧಾರವಾಡದ ನೇಮವನ್ನು ಎಳ್ಳಷ್ಟೂ ಸಡಿಲಿಸಿರಲಿಲ್ಲ. ದಿನವೂ ಕರಿಮೆಣಸಿನ ಸಾರು, ಒಣಮಾವಿನ ಹುಳಿ. ಆ ಖಾರ, ಆ ಹುಳಿ ಸೊಸೆ ವೈದೇಹಿಯ ಬಾಯಿಯಲ್ಲಿ ಕೆಂಡವಾದವು. ತುಟಿಯ ಒಳಗೆ, ನಾಲಿಗೆಯ ಅಂಚಿಗೆ ಬಿಳಿ ಬಿಳಿ ಹುಣ್ಣು, ಸುತ್ತ ಕೆಂಪು.

ಎರಡು ವಾರ ಕಳೆದು ಬರುವ ಭಾನುವಾರ ಕನ್ನಡ ಬಳಗದಲ್ಲಿ ಅವಳ ಕಾವ್ಯವಾಚನ. ಅಪ್ಪ ಓದುವುದನ್ನು ಕಂಬಕ್ಕೊರಗಿ ಕೇಳುತ್ತ ಬೆಳೆದವಳು. ಮದುವೆಯಾದ ಮೇಲೆ ಒಗ್ಗರಣೆಯ ಸದ್ದಿನಲ್ಲಿ ಗುನುಗಿಕೊಂಡದ್ದಷ್ಟೇ. ನಾಲ್ಕು ಜನರ ಮುಂದೆ ದನಿ ತೆಗೆಯುವುದು ಇದೇ ಮೊದಲು. ಈಗ ಷಟ್ಪದಿಯಲ್ಲಿ ಪ, ಬ, ಮ ಬಂದಲ್ಲೆಲ್ಲ ತುಟಿಗೆ ತುಟಿ ತಾಗಿ ಕಣ್ಣಲ್ಲಿ ನೀರು.

ಉಪ್ಪುನೀರು ಮುಕ್ಕಳಿಸಿದಳು, ತುಪ್ಪ ಹಚ್ಚಿದಳು, ಜ್ಯೇಷ್ಠಮಧು ಚೀಪಿದಳು. ಉರಿ ಇಳಿಯುತ್ತಿತ್ತು, ಒಂದು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದಳು. ರಕ್ತಪರೀಕ್ಷೆ ನೋಡಿ ಆಕೆ ಬಿಡಿಸಿ ಹೇಳಿದರು: ಇದು ಅಂಟುವ ರೋಗವಲ್ಲ. ಮೊದಲೇ ರಕ್ತದಲ್ಲಿ ಸತ್ವ ಕಡಿಮೆ, ಮೇಲೆ ಚಿಂತೆ, ಅದರ ಮೇಲೆ ಮೆಣಸು. ಹಚ್ಚಿದರೆ ಉರಿ ತಣಿಯುತ್ತದೆ ಅಷ್ಟೇ. ಹೊಸದು ಏಳಬಾರದೆಂದರೆ ಹೊಟ್ಟೆಗೆ ಸೊಪ್ಪು ಹೋಗಬೇಕು. ಕೊಟ್ಟ ಕ್ಯಾಪ್ಸೂಲಿನ ಸಿಪ್ಪೆಯ ಜಿಲಾಟಿನ್ ಯಾವ ಪ್ರಾಣಿಯದೋ ಎಂದು ಪಾರ್ವತಿಬಾಯಿ ಅದನ್ನು ಕಪಾಟಿನ ಮೇಲಿಟ್ಟರು.

"ಬಾಲ್ಕನ್ಯಾಗ ಬಸಳಿ ಅದ ಅಲ್ರಿ ಅತ್ಯಾ, ನಾಲ್ಕು ಎಲಿ..."

"ನಾಲಿಗಿ ಮ್ಯಾಲೆ ಹಿಡಿತ ಇಲ್ಲದವರಿಗೇ ಬಾಯಾಗ ಹುಣ್ಣಾಗೂದು. ಯಾರಿಗೆ ಏನಂದೀ ನೆನಪು ಮಾಡ್ಕೋ. ಸುಮ್ಮನಿರು, ತಾನ ಮಾಯ್ತದ."

ದಿನಕ್ಕೆ ಹತ್ತು ಮಾತಾಡದ ವೈದೇಹಿ ಸಾರಿಗೆ ಕರಿಮೆಣಸು ಕುಟ್ಟಲು ಕೂತಳು.

ಮರುದಿನ ಸತ್ಯಪ್ರಕಾಶ ಊಟಕ್ಕೆ ಕೂತಾಗ ತುಟಿ ಕಚ್ಚಿಕೊಂಡ. ಸಂಜೆಗೆ ಅಲ್ಲೊಂದು ಹುಣ್ಣು.

"ಅಯ್ಯ ನನ್ನ ಕಂದಾ! ಎಲ್ಲಿ, ಆ ಅನ್ನು" ಎಂದು ಪಾರ್ವತಿಬಾಯಿ ದೀಪದ ಕೆಳಗೆ ಮಗನ ಬಾಯಿ ನೋಡಿದರು. "ವೈದೇಹಿ, ಬಸಳಿ ಹರಕೊಂಡು ಬಾ. ಹೆಸರುಬ್ಯಾಳಿ ಹಾಕಿ ತುಪ್ಪದ ಒಗ್ಗರಣಿ ಕೊಡು."

"ವ್ರತ, ಅತ್ಯಾ?"

"ಹೊರಗ ಹೋಗಿ ದುಡಿಯಾಂವ. ಔಷಧ ಅಂತ ಸಂಕಲ್ಪ ಮಾಡಿದ್ರ ದೋಷ ಇಲ್ಲ."

"ಹಂಗಂದ್ರ ನನಗೂ..."

"ನೀ ಮನ್ಯಾಗ ಇರಾಕಿ. ಹೆಣ್ಣಮಕ್ಕಳ ವ್ರತದಿಂದನ ಮನಿ ನಿಂತದ."

ಮಗಳು ತನುಶ್ರೀ ಮೊಬೈಲಿನಿಂದ ತಲೆಯೆತ್ತಿದಳು. "ಡ್ಯಾಡಿಗೆ ಯೆಸ್, ಮಮ್ಮಿಗೆ ನೋ? ಐಸಾ ಕೈಸಾ, ಅಜ್ಜಿ?"

"ನೀ ಓದಕೋ ಹೋಗು."

ಸತ್ಯಪ್ರಕಾಶ ತಟ್ಟೆ ನೋಡುತ್ತಲೇ ಅಂದ: "ಅಮ್ಮನ ಜೋಡಿ ಯಾಕ ವಾದ? ಇನ್ನೇನು ವ್ರತ ಮುಗೀತು."

"ಭಾನುವಾರ ನನ್ನ ವಾಚನ ಅದರೀ."

"ಸಣ್ಣಗ ಓದು. ಮೈಕ್ ಇರ್ತದಲ್ಲ."

ವಾರವೆಲ್ಲ ಬಸಳೆ ಬೇಯಿಸಿ ಬಡಿಸಿದಳು. ಕದ್ದು ತುತ್ತು ತಿನ್ನುವುದು ಕಷ್ಟವಿರಲಿಲ್ಲ. ಆದರೆ ಸಂಕಲ್ಪ ಮಾಡಿದ್ದು ಅತ್ತೆಯ ಮುಂದಲ್ಲ, ದೇವರ ಮುಂದೆ. ಅವಳು ನಂಬಿದವಳು, ನಂಬಿಕೆಯನ್ನು ಬೇರೆಯವರು ಹೀಗೆ ಬೇಕಾದಂತೆ ಮಡಚಿಕೊಳ್ಳುವುದನ್ನು ಕಂಡು ಹುಣ್ಣಿಗಿಂತ ಅದೇ ಹೆಚ್ಚು ಉರಿಯಿತು.

ಭಾನುವಾರ ಮೊದಲ ಪದ್ಯ ಹೇಗೋ ದಾಟಿತು. ಎರಡನೆಯದರ ನಡುವೆ ನಾಲಿಗೆ ಹಲ್ಲಿಗೆ ತೀಡಿ ಬಾಯಲ್ಲಿ ರಕ್ತದ ರುಚಿ. ದನಿ ನಿಂತೇಹೋಯಿತು. ಸಭೆಯಲ್ಲಿ ಗುಸುಗುಸು ಎದ್ದಾಗ ಪಾರ್ವತಿಬಾಯಿ ಮುಂದಿನ ಸಾಲಿನಿಂದ ಎದ್ದು ನಿಂತರು.

"ತಪ್ಪು ತಿಳೀಬ್ಯಾಡ್ರಿ. ಬಾಯಿ ತುಂಬ ಹುಣ್ಣಾದ್ರೂ ನಮ್ಮ ಸೊಸಿ ಒಂದು ಎಲಿ ಮುಟ್ಟಿಲ್ಲ. ಶಾಕವ್ರತ ಅಂದ್ರ ನಮ್ಮ ಮನ್ಯಾಗ ಹಂಗ."

"ಇಂಥ ನಿಷ್ಠೆ ಈಗ ಎಲ್ಲಿದೆ!" ಎಂದರು ಬಳಗದ ಅಧ್ಯಕ್ಷ ಹಯವದನರಾಯರು. ಜೋರು ಚಪ್ಪಾಳೆ. ಸತ್ಯಪ್ರಕಾಶನೂ ತಟ್ಟಿದ.

ಓದಲು ಆಗದ ಬಾಯನ್ನು ವೈದೇಹಿ ಮೈಕಿನ ಹತ್ತಿರ ತಂದಳು. ಗಂಡನ ಕಡೆ ಕೈ ಮಾಡಿದಳು, ಒಂದೊಂದೇ ಶಬ್ದ ನೋಯುತ್ತ ಬಂತು.

"ಇವರಿಗೂ ಹುಣ್ಣಾಗಿತ್ರಿ. ಇವರು ದಿನಾ ಬಸಳಿ ಉಂಡಾರ. ಮಾಡಿ ಬಡಿಸಿದಾಕಿ ನಾನು."

ಹಿಂದಿನಿಂದ ಯಾರೋ, "ಗಂಡನ ಕಾಲೆಳೆಯೋದಂದ್ರೆ ಹೀಗಪ್ಪಾ!" ಎಂದರು. ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸತ್ಯಪ್ರಕಾಶ. ಬಾಯಿ ಅಗಲ ತೆರೆದು ನಗುತ್ತಿದ್ದ. ಅವನ ತುಟಿಯ ಒಳಗೆ ಹುಣ್ಣಿನ ಕಲೆ ಕೂಡ ಉಳಿದಿರಲಿಲ್ಲ.